ಅಣ್ಣ ಹೇಳಿದ್ದಾರೆ

ಕಂಪ್ಯೂಟರಿನಲ್ಲಿ ಸುಡು ಎಂದು ಟೈಪ್ ಮಾಡಲು ಅಕ್ಕು ಸುತರಾಂ ಒಪ್ಪಲಿಲ್ಲ. ಬೆಳಗಿನ ಹೊತ್ತು, ಒಲೆಗೆ ಕೈಮುಗಿದು ಊದುಬತ್ತಿ ಹಚ್ಚಿದ ಕೈಯಿಂದ ಯಾರಾದರೂ ಸುಡು ಎಂದು ಬರೆಯುತ್ತಾರೆಯೇ? ಅದೂ ಹೋಟೆಲಿನ ಅಡುಗೆಮನೆಯಲ್ಲಿ, ಗ್ಯಾಸ್ ಸಿಲಿಂಡರುಗಳ ಪಕ್ಕ ನಿಂತುಕೊಂಡು?

"ಸುಡು ಅಲ್ಲ ಅತ್ತೆ, ಸೂಡೂ. ಇಂಗ್ಲಿಷ್ ಅದು," ಎಂದ ಸುಹಾಸ.

"ಎಂತ ಇಂಗ್ಲಿಷೋ. ಎಸ್, ಯು, ಡಿ, ಓ. ನಾನು ಓದಿದ್ರೆ ಸುಡೋ ಅಂತಲೇ ಆಗ್ತದೆ. ಸುಡೋ ಅಂತ ಯಾರಿಗೆ ಹೇಳುವುದು, ಯಲ್ಲಾಲಿಂಗನಿಗಾ? ಬೇರೆ ಎಂತಾದ್ರೂ ಉಂಟಾ ನೋಡು."

ದೋಸೆ ಕಾವಲಿಯ ಮುಂದೆ ನಿಂತಿದ್ದ ಯಲ್ಲಾಲಿಂಗ ತನ್ನ ಹೆಸರು ಕೇಳಿ ತಿರುಗಿ ನೋಡಿದ. ಸುಹಾಸ ತಲೆ ಕೆರೆದುಕೊಂಡ. ಅವನು ಅಕ್ಕುವಿನ ಅಣ್ಣ ಸೀನನ ಮಗ. ಇರುವುದು ಮುಂಬಯಿಯ ಬೊರಿವಲಿಯಲ್ಲಿ, ಯಾವುದೋ ಕಂಪನಿಯ ಸರ್ವರ್‌ಗಳನ್ನು ನೋಡಿಕೊಳ್ಳುವ ಕೆಲಸ. ಮುಲುಂಡ್ ಸ್ಟೇಷನ್ನಿನ ಪಶ್ಚಿಮಕ್ಕಿರುವ ಅಪ್ಪನ ಉಡುಪಿ ಹೋಟೆಲಿಗೆ ಒಂದು ಹಳೆಯ ಕಂಪ್ಯೂಟರ್ ತಂದು ಕೂರಿಸಿದ್ದ. ವೇಟರುಗಳು ಮೊಬೈಲಿನಲ್ಲಿ ಆರ್ಡರ್ ಒತ್ತಿದರೆ ಅಡುಗೆಮನೆಯ ಸ್ಕ್ರೀನಿನಲ್ಲಿ ಕಾಣುತ್ತಿತ್ತು. ಮುಲುಂಡಿನ ಗಿರಾಕಿಗಳಲ್ಲಿ ಅರ್ಧ ಜನ ಗುಜರಾತಿಗಳು. ಈರುಳ್ಳಿ ಬೇಡ, ಬಟಾಟೆ ಬೇಡ ಎನ್ನುವ ಜೈನ್ ಆರ್ಡರುಗಳು ಅದಲುಬದಲಾದರೆ ಮರ್ಯಾದೆ ಹೋಗುತ್ತದೆ. ಸ್ಕ್ರೀನ್ ಬಂದ ಮೇಲೆ ಆ ಕಾಟ ತಪ್ಪಿತ್ತು. ಆದರೆ ಅದೂ ಆಗೊಮ್ಮೆ ಈಗೊಮ್ಮೆ ಕೆಟ್ಟು ನಿಲ್ಲುತ್ತಿತ್ತು. ಸುಹಾಸ ಆಫೀಸಿನಲ್ಲೋ ಲೋಕಲ್ ರೈಲಿನಲ್ಲೋ ಸಿಕ್ಕಿಹಾಕಿಕೊಂಡಿದ್ದರೆ ಅಡುಗೆಮನೆ ಕುರುಡಾಗಿ ಕೂರಬೇಕಿತ್ತು. ಅದಕ್ಕೇ ಅದನ್ನು ಮತ್ತೆ ಚಾಲೂ ಮಾಡುವುದನ್ನು ಅತ್ತೆಗೆ ಕಲಿಸಲು ಹೊರಟಿದ್ದ.

"ಸರಿ, ಇನ್ನೊಂದಿದೆ," ಎಂದು ಅವನು ಅಲ್ಲೇ ಸ್ಟೂಲಿನ ಮೇಲೆ ಕೂತು ಟಕಟಕ ಒತ್ತಿದ. "ಡೋಆಸ್. ಡಿ, ಓ, ಎ, ಎಸ್. ಸೂಡೂ ಮಾಡೋ ಕೆಲಸನೇ, ಆದ್ರೆ ಚಿಕ್ಕದು. ನಮಗೆ ಇಷ್ಟೇ ಸಾಕು."

"ಎಷ್ಟು ಕೊಟ್ಟೆ ಇದಕ್ಕೆ?"

"ಫ್ರೀ, ಅತ್ತೆ. ಓಪನ್ ಸೋರ್ಸ್. ಯಾರೋ ಬರ್ದು ಇಟ್ಟಿದಾರೆ. ಯಾರ್ ಬೇಕಾದ್ರೂ ಬಿಚ್ಚಿ ನೋಡ್ಬೋದು, ತಪ್ಪಿದ್ರೆ ಸರಿ ಮಾಡ್ಬೋದು."

"ಪಾಪ, ಒಳ್ಳೆ ಜನ," ಎಂದಳು ಅಕ್ಕು.

ಅವನು ತನ್ನ ಅರೆಬರೆ ಕನ್ನಡದಲ್ಲಿ ಬಿಡಿಸಿ ಹೇಳಿದ. "ರೂಟ್ ಅಂದ್ರೆ ಕಂಪ್ಯೂಟರಿನ ಮಾಲಿಕ್. ಅವನು ಏನ್ ಬೇಕಾದ್ರೂ ಮಾಡ್ಬೋದು. ಅದಕ್ಕೇ ಅವನ ಪಾಸ್‌ವರ್ಡ್ ನಾವು ಯಾರಿಗೂ ಕೊಡೋದಿಲ್ಲ. ಆದ್ರೆ ಇದರಲ್ಲಿ ನಾನೊಂದು ಲೈನ್ ಬರೀತೀನಿ. ಅಕ್ಕು ಅನ್ನೋರು ಸ್ಕ್ರೀನ್ ಚಾಲೂ ಮಾಡೋ ಕೆಲಸ ಮಾತ್ರ ರೂಟ್ ಆಗಿ ಮಾಡ್ಬೋದು, ಬಸ್. ನೀವು ನಿಮ್ಮ ಪಾಸ್‌ವರ್ಡ್ ಹೊಡೀರಿ, ಅಷ್ಟೊತ್ತು ಮಾಲಿಕ್ ಆಗ್ತೀರಿ. ಕೆಲಸ ಮುಗೀತು, ವಾಪಸ್ ಅಕ್ಕು."

"ಅಂದ್ರೆ ಮಾಡುವುದು ನಾನು, ಹೆಸರು ಅವನದ್ದು."

"ಹಾಂ, ಅದೇ. ಡು ಆ್ಯಸ್. ಅವನಾಗಿ ಮಾಡು ಅಂತ."

ಅಕ್ಕು ನಕ್ಕುಬಿಟ್ಟಳು. "ಇದಕ್ಕೆ ಕಂಪ್ಯೂಟರು ಯಾಕೆ ಮಾರಾಯ. ನಾನು ಈ ಹೋಟೆಲಿಗೆ ಬಂದಲ್ಲಿಂದ ಮಾಡುವುದು ಅದೇ ಅಲ್ವಾ."

ಮುಂದಿನ ಭಾನುವಾರವೇ ಪರೀಕ್ಷೆ ಬಂತು. ವಾಕಿಂಗ್ ಮುಗಿಸಿದವರೆಲ್ಲ ನಾಷ್ಟಾಕ್ಕೆ ನುಗ್ಗಿದ ಹೊತ್ತಿಗೆ ಸರಿಯಾಗಿ ಸ್ಕ್ರೀನ್ ಕಪ್ಪಾಯಿತು. ಅಕ್ಕು ಕೈ ಒರೆಸಿಕೊಂಡು, ಮೂಲೆಯ ಕಂಪ್ಯೂಟರಿನಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತಿದಳು. ಕಮಾಂಡಿನ ಎರಡನೆಯ ಮಾತು 'ಅಡಿಗೆ', ಅದನ್ನು ಸುಹಾಸನೇ ಇಟ್ಟಿದ್ದ. ಅದು ಸರಿಯಾಗಿಯೇ ಬಂತು. ತಪ್ಪಿದ್ದು ಮೊದಲನೆಯದು. ಕಂಪ್ಯೂಟರು 'ದೋಸಾ: ನಾಟ್ ಫೌಂಡ್' ಎಂದಿತು. ಅವಳು ಮತ್ತೆ ಹೊಡೆದಳು. ಮತ್ತೆ ಅದೇ.

"ಏನಂತದ್ರಿ ಅಕ್ಕಾರ?" ಎಂದು ಯಲ್ಲಾಲಿಂಗ ಕೇಳಿದ.

"ದೋಸೆ ಇಲ್ಲ ಅಂತ ಹೇಳ್ತದೆ."

"ಇಲ್ಲಂದ್ರ? ಕಾವಲಿ ಮ್ಯಾಲ ನಾಕ್ ದ್ವಾಸಿ ಅದಾವಲ್ರಿ."

ಫೋನಿನಲ್ಲಿ ಸುಹಾಸ ಅಕ್ಷರ ಓದಿಸಿದ ಮೇಲೆ ಗುಟ್ಟು ಗೊತ್ತಾಯಿತು. ಡಿ, ಓ, ಎಸ್, ಎ. ಮೆನು ಕಾರ್ಡು ನೋಡಿಯೇ ಇಂಗ್ಲಿಷ್ ಕಲಿತವಳ ಬೆರಳು ಡೋಆಸ್ ಎಂದರೆ ಎಲ್ಲಿಗೆ ಹೋದೀತು? ತಿದ್ದಿ ಹೊಡೆದಾಗ ಸ್ಕ್ರೀನ್ ಬಂತು. ಸುಹಾಸ ಮಾತ್ರ ಸಂಜೆಯವರೆಗೂ ನಗುತ್ತಿದ್ದ. ಆಮೇಲೆ ದೋಸಾ ಎಂದು ಹೊಡೆದರೂ ನಡೆಯುವ ಹಾಗೆ ಮಾಡಿಕೊಟ್ಟ.

ಅಕ್ಕು ಮುಂಬಯಿಗೆ ಬಂದದ್ದು ಇದೇ ಸುಹಾಸ ಹುಟ್ಟಿದಾಗ, ಅತ್ತಿಗೆಯ ಬಾಣಂತನಕ್ಕೆ. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಬಾಣಂತನ ಮುಗಿಯುವಷ್ಟರಲ್ಲಿ ಹೋಟೆಲಿನ ಭಟ್ಟರು ಹೇಳದೆ ಕೇಳದೆ ಊರಿಗೆ ಹೋದರು, ಅಕ್ಕು ಸಾಂಬಾರಿಗೆ ನಿಂತಳು. ನಿಂತವಳು ನಿಂತೇಬಿಟ್ಟಳು. ಆಮೇಲೆ ಅಕ್ಕಿ ಆರಿಸುವುದು, ತೆಂಗಿನಕಾಯಿಯವನ ಹತ್ತಿರ ಜಗಳ, ಹುಡುಗರ ರಜೆ, ಯಾರನ್ನು ಇಟ್ಟುಕೊಳ್ಳಬೇಕು, ಯಾರನ್ನು ಕಳಿಸಬೇಕು, ಎಲ್ಲ ಒಂದೊಂದಾಗಿ ಅವಳ ತಲೆಗೇ ಬಂತು. ಆದರೆ ಆ ಕಾಲದಲ್ಲಿ ಹೋಟೆಲಿನಲ್ಲಿ ಹೆಂಗಸಿನ ಮಾತು ಕೇಳುವವರು ಯಾರು? ಮಾಡುವುದಿದ್ದರೆ ಸೀನಣ್ಣ ಹೇಳಲಿ ಎನ್ನುತ್ತಿದ್ದರು. ಅಕ್ಕು ಬೇಗ ಉಪಾಯ ಕಂಡುಕೊಂಡಳು. ಏನು ಹೇಳುವುದಿದ್ದರೂ ಕೊನೆಗೆ 'ಅಣ್ಣ ಹೇಳಿದ್ದಾರೆ' ಎಂದು ಸೇರಿಸುವುದು. ನಾಳೆಯಿಂದ ಹಾಲು ಬೇರೆ ಕಡೆಯಿಂದ, ಅಣ್ಣ ಹೇಳಿದ್ದಾರೆ. ಈ ಉದ್ದಿನಬೇಳೆ ವಾಪಸ್ ತೆಗೆದುಕೊಂಡು ಹೋಗಿ, ಅಣ್ಣ ಹೇಳಿದ್ದಾರೆ. ಗಲ್ಲಾದಲ್ಲಿ ಕೂತ ಸೀನನಿಗೆ ತಾನು ಏನೇನು ಹೇಳಿದ್ದೇನೆ ಎಂಬುದು ಸಂಜೆಯ ಹೊತ್ತಿಗೆ ಬೇರೆಯವರಿಂದ ತಿಳಿಯುತ್ತಿತ್ತು. ಕೇಳಿ ಅವನೂ ಹೌದೆಂದು ತಲೆಯಾಡಿಸುತ್ತಿದ್ದ. ಯಜಮಾನಿಕೆ ಇಷ್ಟು ಸುಖವಾಗಿರುವಾಗ ಯಾರು ಬೇಡ ಎನ್ನುತ್ತಾರೆ?

ಹೀಗಿರುವಾಗ ಒಂದು ಮಧ್ಯಾಹ್ನ, ಊಟದ ಗದ್ದಲ ಇಳಿದು ಟೇಬಲ್ಲುಗಳು ಖಾಲಿ ಇದ್ದಾಗ, ಸೀನ ತಂಗಿಯನ್ನು ಕರೆದ.

"ಅಕ್ಕು, ಹೋಟೆಲು ಕಂಡಕ್ಟಿಂಗಿಗೆ ಕೊಡುವುದು ಅಂತ ಮಾಡಿದ್ದೇನೆ. ಥಾಣೆಯ ಪಾರ್ಟಿ. ಶನಿವಾರ ಬರ್ತಾರೆ, ಸೈನ್ ಮಾಡ್ಲಿಕ್ಕೆ."

ಕಂಡಕ್ಟಿಂಗ್ ಎಂದರೆ ಏನೆಂದು ಮುಂಬಯಿಯ ಹೋಟೆಲಿನವರಿಗೆ ಹೇಳಬೇಕಾಗಿಲ್ಲ. ಹೋಟೆಲು ನಿಮ್ಮದೇ, ಬೋರ್ಡು ನಿಮ್ಮದೇ. ನಡೆಸುವವನು ಬೇರೆ. ಅವನು ತನ್ನ ಭಟ್ಟರನ್ನು ತರುತ್ತಾನೆ, ತನ್ನ ಜನರನ್ನು ಇಡುತ್ತಾನೆ, ತಿಂಗಳಿಗೆ ಇಷ್ಟೆಂದು ನಿಮಗೆ ಕೊಡುತ್ತಾನೆ.

"ಯಾಕೆ?" ಎಂದಳು ಅಕ್ಕು.

"ನನ್ನ ಮೊಣಗಂಟಿನ ಆಪರೇಷನ್ ಆಗ್ಬೇಕಲ್ಲ. ಗಲ್ಲಾದಲ್ಲಿ ಕೂರ್ಲಿಕ್ಕೆ ಆಗುದಿಲ್ಲ. ಸುಹಾಸನಿಗೆ ಅವನ ಕೆಲಸ. ಮತ್ತೆ ನೋಡಿಕೊಳ್ಳಲಿಕ್ಕೆ ಯಾರಿದ್ದಾರೆ ಹೇಳು? ನೀನೂ ದುಡಿದದ್ದು ಸಾಕು, ಮನೆಯಲ್ಲಿ ಆರಾಮ ಮಾಡು."

ಯಾರಿದ್ದಾರೆ ಎಂದು ಅವನು ಕೇಳಿದ್ದು ಅವಳನ್ನೇ, ಅವಳ ಮುಖ ನೋಡಿಯೇ. ಅಕ್ಕು ಒಳಗೆ ಹೋಗಿ, ತೊಳೆದಿಟ್ಟಿದ್ದ ಪಾತ್ರೆಯನ್ನು ಇನ್ನೊಮ್ಮೆ ತೊಳೆದಳು. ಮನೆಯಲ್ಲಿ ಆರಾಮ ಮಾಡುವುದೆಂದರೆ ಏನೆಂದು ಅವಳಿಗೆ ಯೋಚನೆಗೂ ಬರಲಿಲ್ಲ. ಈ ಅಡುಗೆಮನೆಯ ಹೊರಗೆ ಅವಳಿಗೆ ಮುಂಬಯಿಯೇ ಇರಲಿಲ್ಲ.

ಎರಡು ದಿನ ಬಿಟ್ಟು ಸುಹಾಸ ರಜೆ ಹಾಕಿ ಬಂದ. ಹೊಸ ಪಾರ್ಟಿಗೆ ಕಂಪ್ಯೂಟರ್ ಸಿದ್ಧ ಮಾಡಿಕೊಡಬೇಕಿತ್ತು. ಬಂದವನು ಅತ್ತೆಯ ಮುಖ ನೋಡದೆ ಕೀಬೋರ್ಡ್ ಎಳೆದುಕೊಂಡ.

"ಅತ್ತೆ, ನಿಮ್ಮ ಲೈನ್ ತೆಗೀಬೇಕಾಗತ್ತೆ. ಪಪ್ಪ ಹೇಳಿದ್ರು. ಆ ಜಾಗದಲ್ಲಿ ಅವರ ಮ್ಯಾನೇಜರ್ ಹೆಸರು ಹಾಕ್ಬೇಕು."

"ತೆಗೆದ್ರೆ?"

"ತೆಗೆದ್ರೆ... ನೀವು ಹೊಡೆದ್ರೆ ಪರ್ಮಿಷನ್ ಇಲ್ಲ ಅನ್ನತ್ತೆ."

"ಇಷ್ಟು ದಿನ ಮಾಡಿದ್ದು?"

"ಅದು ಇರತ್ತೆ, ಲಾಗ್‌ನಲ್ಲಿ, ಹಿಸಾಬಿನ ಬುಕ್ ಥರ." ಅವನು ತೆರೆದು ತೋರಿಸಿದ. ಕಪ್ಪು ಪರದೆಯ ತುಂಬ ಸಾಲುಗಳು. ಅಕ್ಕು ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಪ್ರತಿ ಸಾಲಿನಲ್ಲೂ ಅವಳ ಹೆಸರಿತ್ತು.

"ಮಾಲಿಕನ ಹೆಸರಲ್ಲಿ ಮಾಡಿದ್ದಲ್ವಾ? ನನ್ನ ಹೆಸರು ಯಾಕೆ ಬರೆದದ್ದು?"

"ಅದೇ ಇದರ ಫಾಯ್ದಾ ಅತ್ತೆ. ಪವರ್ ಅವನದು. ಬಟ್ ಮಾಡಿದ್ದು ಯಾರು ಅಂತ ಅದು ಮರೆಯೋದಿಲ್ಲ."

"ಈ ಡಬ್ಬಿಗಾದ್ರೂ ಗೊತ್ತುಂಟಲ್ಲ," ಎಂದಳು ಅಕ್ಕು. ಪರದೆಯಿಂದ ಕಣ್ಣು ತೆಗೆಯದೆ ಕೇಳಿದಳು, "ಹೀಗೆ ಅವನ ಹೆಸರಲ್ಲಿ ನಾನು ನೂರು ವರ್ಷ ಮಾಡಿದೆ ಅಂತ ಇಟ್ಕೋ. ಒಂದು ದಿನ ನಾನೇ ರೂಟ್ ಆಗ್ತೇನಾ?"

ಸುಹಾಸ ನಗಲು ಹೋದವನು ಅವಳ ಮುಖ ನೋಡಿ ನಿಲ್ಲಿಸಿದ. "ಇಲ್ಲ ಅತ್ತೆ. ಹಾಗೆ ತಾನಾಗೇ ಆಗೋದಿಲ್ಲ. ರೂಟೇ ಕೊಡ್ಬೇಕು."

"ಹಾಗಾದ್ರೆ ಈಗ ತೆಗೀಬೇಡ. ಶನಿವಾರದವರೆಗೆ ಇರಲಿ."

ಅವಳು ಸೀದಾ ಗಲ್ಲಾದ ಹತ್ತಿರ ಹೋದಳು. ಸೀನ ಕಾಲು ನೀಡಿಕೊಂಡು ಪೇಪರ್ ಓದುತ್ತಿದ್ದ. ಅಕ್ಕುವಿನ ಮಾತು ನೆಟ್ಟಗೆ ಬಂತು.

"ಅಣ್ಣ, ಹೋಟೆಲು ಅವರಿಗೆ ಕೊಡುವುದು ಬೇಡ. ನನಗೆ ಕೊಡಿ."

"ನಿನಗೆ ಎಂತ ಕೊಡುವುದು ಮಾರಾಯ್ತಿ," ಎಂದು ಸೀನ ನಕ್ಕ. "ನಿನ್ನದೇ ಅಲ್ವಾ ಇದು."

"ನನ್ನದಾದ್ರೆ ಬೇರೆಯವರಿಗೆ ಕೊಡುವಾಗ ನನ್ನನ್ನು ಒಂದು ಮಾತು ಕೇಳ್ಬೇಕಿತ್ತು."

ಸೀನ ಪೇಪರ್ ಮಡಚಿದ. ಕೆಟ್ಟವನಲ್ಲ ಅವನು. ತಂಗಿಯ ಕಣ್ಣು ತುಂಬಿದ್ದು ಕಂಡು ಅವನಿಗೂ ಒಂದು ಥರ ಆಯಿತು. ಹಿಂದೆ ಬಂದು ನಿಂತಿದ್ದ ಮಗನನ್ನು ನೋಡಿದ, ಮೇಲಿನ ಫ್ಯಾನ್ ನೋಡಿದ, ಕೊನೆಗೆ ಒಪ್ಪಿದ.

"ಆಯ್ತು ಬಿಡು. ಪಾರ್ಟಿಗೆ ಬೇಡ ಅಂತ ಹೇಳ್ತೇನೆ. ನೀನೇ ನೋಡ್ಕೊ. ಲೈಸೆನ್ಸು, ಬ್ಯಾಂಕು ಎಲ್ಲ ನನ್ನ ಹೆಸರಲ್ಲೇ ಇರಲಿ, ಅದನ್ನೆಲ್ಲ ಬದಲು ಮಾಡುವ ರಗಳೆ ಯಾಕೆ. ಯಾರಾದ್ರೂ ಕೇಳಿದ್ರೆ ಅಣ್ಣ ಹೇಳಿದ್ದಾರೆ ಅಂತ ಹೇಳು. ಇಷ್ಟು ವರ್ಷ ನಡೆದ ಹಾಗೆಯೇ ನಡೀತದೆ."

ಸುಹಾಸನ ಮುಖ ಅರಳಿತು. ಅಕ್ಕುವಿಗೂ ಮೊದಲು ಸಂತೋಷವೇ ಆಯಿತು, ಸುಳ್ಳು ಯಾಕೆ ಹೇಳಬೇಕು. ಹೋಟೆಲು ಉಳಿಯಿತು, ಒಲೆ ಉಳಿಯಿತು, ಯಲ್ಲಾಲಿಂಗನ ಕೆಲಸ ಉಳಿಯಿತು. ಹೂಂ ಎಂದುಬಿಟ್ಟರೆ ಮುಗಿಯಿತು. ಆದರೆ ಅಣ್ಣ ನಾಳೆ ಇನ್ನೊಂದು ಪಾರ್ಟಿ ತಂದರೆ? ಅಣ್ಣನ ನಂತರ ಯಾರು ಹೇಳಿದ್ದಾರೆ ಎನ್ನುವುದು?

"ಹಾಗಾದ್ರೆ ಬೇಡ," ಎಂದಳು.

"ಎಂತ ಬೇಡ?"

"ನಿಮ್ಮ ಹೆಸರಲ್ಲಿ ಮಾಡಿದ್ದು ಸಾಕು ಅಣ್ಣ. ನನ್ನ ಹೆಸರಿಗೆ ಕೊಡುವುದಾದ್ರೆ ಕೊಡಿ. ಇಲ್ಲದಿದ್ರೆ ಥಾಣೆಯವರಿಗೇ ಕೊಡಿ."

"ನಿನಗೆ ಮಂಡೆ ಸಮ ಇಲ್ಲ," ಎಂದ ಸೀನ, ಈಗ ಸಿಟ್ಟಿನಿಂದಲೇ. "ಕೊಟ್ಟದ್ದನ್ನು ಕಾಲಲ್ಲಿ ಒದೀತಿಯಾ? ಹಾಗಾದ್ರೆ ಅವರಿಗೇ ಕೊಡ್ತೇನೆ."

ಅಕ್ಕು ಒಳಗೆ ಬಂದು ಅಕ್ಕಿಯ ಡ್ರಮ್ಮಿನ ಮೇಲೆ ಕೂತಳು. ಕೈಗೆ ಬಂದ ತುತ್ತನ್ನು ತಾನೇ ಚೆಲ್ಲಿಬಿಟ್ಟೆನೇ ಎಂದು ಭಯವಾಯಿತು. ಆದರೂ ಎದ್ದು ಹೋಗಿ ಮಾತು ಹಿಂದಕ್ಕೆ ತೆಗೆದುಕೊಳ್ಳಬೇಕೆಂದು ಅನ್ನಿಸಲಿಲ್ಲ.

ಮರುದಿನ ಅವಳು ಎಂದಿನಂತೆ ಬಂದಳು. ಸಾಂಬಾರು ಕುದಿಸಿದಳು, ಚಟ್ನಿ ರುಬ್ಬಿಸಿದಳು, ತನ್ನ ಕೆಲಸದಲ್ಲಿ ಒಂದು ಚೂರೂ ಕಡಿಮೆ ಮಾಡಲಿಲ್ಲ. ಏನಾದರೂ ಕೇಳಲು ಬಂದವರಿಗೆ ಮಾತ್ರ ಒಂದೇ ಉತ್ತರ ಕೊಟ್ಟಳು.

ಹಾಲಿನವನು ಬಂದ, ಇವತ್ತು ಎಷ್ಟು ಹಾಕಲಿ ಎಂದ. "ಅಣ್ಣನನ್ನು ಕೇಳಿ." ತರಕಾರಿಯವನು ಬದನೆಕಾಯಿ ಹಿಡಿದು ನಿಂತ. "ಅಣ್ಣನನ್ನು ಕೇಳಿ." ಒಬ್ಬ ವೇಟರಿಗೆ ಅಕ್ಕನ ಮದುವೆ, ರಜೆ ಬೇಕಿತ್ತು. ಇನ್ನೊಬ್ಬನಿಗೆ ಅದೇ ದಿನ ಜ್ವರ. ಟೇಬಲ್ಲಿನವರೊಬ್ಬರು ಬರ್ತ್‌ಡೇಗೆ ಐವತ್ತು ಪ್ಲೇಟ್ ಜೈನ್ ಇಡ್ಲಿ-ಸಾಂಬಾರ್ ಸಿಗುತ್ತದೆಯೇ ಎಂದರು. ಎಲ್ಲರೂ ಗಲ್ಲಾದ ಮುಂದೆ ಸಾಲು ನಿಂತರು.

ಸೀನ ದಡ್ಡನೇನಲ್ಲ, ಹೋಟೆಲು ಕಟ್ಟಿದವನು. ಮೊದಲ ನಾಲ್ಕೈದು ಮಂದಿಗೆ ಗತ್ತಿನಿಂದಲೇ ಉತ್ತರ ಕೊಟ್ಟ. ಆದರೆ ಇಷ್ಟು ಪ್ರಶ್ನೆಗಳು ದಿನಾ ಹೋಟೆಲಿಗೆ ಬರುತ್ತವೆ ಎಂಬುದು ಅವನಿಗೆ ಗೊತ್ತಿರಲಿಲ್ಲ. ಅಡುಗೆಮನೆಯ ಬಾಗಿಲಿಂದಾಚೆಗೆ ಅವು ಬರದಂತೆ ಯಾರೋ ತಡೆದು ನಿಲ್ಲಿಸುತ್ತಿದ್ದರು, ಅಷ್ಟೆ. ಯಲ್ಲಾಲಿಂಗ ಬಂದು, "ನಾಳಿಗಿ ಅಕ್ಕಿ ಎಷ್ಟ ನೆನಿ ಹಾಕ್ಲಿರಿ?" ಎಂದಾಗ ಸೀನ ಅವನನ್ನೇ ದುರುಗುಟ್ಟಿ ನೋಡಿದ.

"ದಿನಾ ಯಾರನ್ನು ಕೇಳ್ತಿ?"

"ಅಕ್ಕಾರನ್ನ ಕೇಳ್ತಿದ್ನಿರಿ. ನೀವು ಹೇಳೀರಿ ಅಂತ ಅವ್ರು ಹೇಳ್ತಿದ್ರು."

ಮಧ್ಯಾಹ್ನದ ಊಟದ ನಡುವೆ ಸ್ಕ್ರೀನ್ ಕಪ್ಪಾಯಿತು. ಎಲ್ಲರೂ ಅಕ್ಕುವನ್ನು ನೋಡಿದರು. ಅಕ್ಕು ಸಾಂಬಾರಿನ ಸೌಟು ಕೆಳಗಿಡಲಿಲ್ಲ. ಸೀನ ಮೊಣಗಂಟು ಹಿಡಿದುಕೊಂಡು ಎದ್ದು ಬಂದು ಕಂಪ್ಯೂಟರಿನ ಮುಂದೆ ಕೂತ. ಬಿಲ್ಲಿನ ಕೆಲಸಕ್ಕೆಂದು ಅವನ ಹೆಸರೂ ಅದರಲ್ಲಿತ್ತು. ಅಕ್ಕು ಒತ್ತುವುದನ್ನು ಎಷ್ಟೋ ಸಲ ನೋಡಿದ್ದ, ಹಾಗೆಯೇ ಒತ್ತಿದ. 'ಆಪರೇಷನ್ ನಾಟ್ ಪರ್ಮಿಟೆಡ್' ಎಂದು ಬಂತು. ಇನ್ನೊಮ್ಮೆ ಒತ್ತಿದ. ಇನ್ನೊಮ್ಮೆ ಅದೇ ಬಂತು.

ಸುಹಾಸನಿಗೆ ಫೋನ್ ಹೋಯಿತು. "ನನ್ನ ಹೋಟೆಲಲ್ಲಿ ನನಗೇ ಪರ್ಮಿಷನ್ ಇಲ್ಲ ಅಂತ ಹೇಳ್ತದಲ್ಲ ಇದು!"

"ಹಾಂ ಪಪ್ಪ. ಲೈನ್ ಅತ್ತೆಯದ್ದು ಮಾತ್ರ ಇದೆ. ನೀವು ಯಾವತ್ತೂ ಕೇಳ್ಲಿಲ್ಲ, ನಾನು ಹಾಕ್ಲಿಲ್ಲ."

"ಈಗ ಹಾಕು ಮತ್ತೆ."

"ಹಾಕ್ತೀನಿ, ಇಲ್ಲಿಂದಲೇ ಹಾಕ್ತೀನಿ. ಎರಡು ಮಿನಿಟ್." ಆ ಕಡೆಯಿಂದ ಕೀಬೋರ್ಡಿನ ಸದ್ದು ಕೇಳಿತು. "ಪಪ್ಪ, ಸ್ಕ್ರೀನ್ ನಾನು ಸರಿ ಮಾಡ್ಬೋದು. ಆದ್ರೆ ಬಾಕಿದ್ದೆಲ್ಲ ನೀವು ಯಾರಿಗೆ ಫೋನ್ ಮಾಡಿ ಕೇಳ್ತೀರಿ?"

ಸ್ಕ್ರೀನ್ ಬಂತು. ಸೀನ ಮಾತ್ರ ಆ ಸ್ಟೂಲಿನಿಂದ ಏಳಲಿಲ್ಲ. ಅಲ್ಲಿ ಕೂತರೆ ಅಡುಗೆಮನೆ ಪೂರಾ ಕಾಣುತ್ತದೆ. ಹೋಟೆಲು ಕಟ್ಟಿದ ಹೊಸತರಲ್ಲಿ ಅವನೂ ಅಲ್ಲಿ ನಿಂತು ದುಡಿದವನೇ. ಆಮೇಲೆ ಗಲ್ಲಾಕ್ಕೆ ಹೋದವನು ಈ ಕಡೆ ಮುಖ ಮಾಡಿ ಕೂತದ್ದೇ ಇಲ್ಲ. ಹಬೆಯ ನಡುವೆ ತಂಗಿ ಬೆವರು ಒರೆಸಿಕೊಳ್ಳುತ್ತಿದ್ದಳು. ಅವಳ ತಲೆ ಇಷ್ಟೊಂದು ಬೆಳ್ಳಗಾದದ್ದು ಯಾವಾಗ ಎಂದು ಅವನಿಗೆ ತಿಳಿಯಲಿಲ್ಲ. ನಾಚಿಕೆಯಾಯಿತು.

ಗಿರಾಕಿಗಳು ಕಡಿಮೆಯಾದ ಮೇಲೆ ಅವನು ಅಲ್ಲಿಂದಲೇ ಥಾಣೆಗೆ ಫೋನ್ ಮಾಡಿದ. ಅಕ್ಕುವಿಗೆ ಕೇಳಲಿ ಎಂದೇ ಗಟ್ಟಿಯಾಗಿ ಮಾತಾಡಿದ.

"ಇಲ್ಲ, ಶನಿವಾರ ಬರುವುದು ಬೇಡ. ಹೋಟೆಲು ತಂಗಿಯ ಹೆಸರಿಗೆ ಮಾಡ್ತಾ ಇದ್ದೇನೆ. ಕಂಡಕ್ಟಿಂಗ್ ಅಲ್ಲ. ಅವಳದ್ದೇ."

ಅಕ್ಕು ಸೌಟು ಕೆಳಗಿಟ್ಟಳು. ಅಳು ಬಂತು, ತಡೆದುಕೊಳ್ಳಲಿಲ್ಲ. ಯಲ್ಲಾಲಿಂಗ ಕಾವಲಿ ಕೆರೆಯುವ ನೆಪದಲ್ಲಿ ಆಚೆ ತಿರುಗಿದ.

ಲೈಸೆನ್ಸಿನ ಕಾಗದಗಳಿಗೆ ತಿಂಗಳುಗಳೇ ಹಿಡಿಯುತ್ತವೆ, ಮುನಿಸಿಪಾಲಿಟಿ ಎಂದ ಮೇಲೆ ಅದು ಹಾಗೆಯೇ. ಆದರೂ ಶುಕ್ರವಾರವೇ ಅಣ್ಣ ತಂಗಿ ಇಬ್ಬರೂ ರಿಕ್ಷಾದಲ್ಲಿ ಹೋಗಿ ಅರ್ಜಿ ಕೊಟ್ಟು ಬಂದರು. ಕಂಪ್ಯೂಟರಿಗೆ ಅಷ್ಟು ಹೊತ್ತು ಬೇಡ. ಭಾನುವಾರ ಮಧ್ಯಾಹ್ನ ಸುಹಾಸ ಬಂದ.

"ಅತ್ತೆ, ಇವತ್ತು ರೂಟ್ ನಿಮಗೆ ಕೊಡ್ತೀನಿ. ಹೊಸ ಪಾಸ್‌ವರ್ಡ್ ನೀವೇ ಹಾಕಿ. ನನಗೂ ಹೇಳ್ಬೇಡಿ. ಮರೀಬಾರದು, ಅಷ್ಟೇ."

"ನಿನಗೂ ಬೇಡವಾ? ಏನಾದ್ರೂ ಕೆಟ್ಟು ಹೋದ್ರೆ?"

"ಆಗ ನೀವು ಒಂದು ಲೈನ್ ಬರ್ದು ನನಗೆ ಪರ್ಮಿಷನ್ ಕೊಡಿ."

ಅವನು ಸ್ಟೂಲು ಬಿಟ್ಟುಕೊಟ್ಟು ಗೋಡೆಗೆ ಮುಖ ಮಾಡಿ ನಿಂತ. ಸೀನ ಏನು ನಡೆಯುತ್ತಿದೆ ಎಂದು ಇಣುಕಲು ಬಂದ.

"ಪಪ್ಪ, ನೀವೂ ತಿರುಗ್ಬೇಕು. ಪಾಸ್‌ವರ್ಡ್ ಹಾಕೋವಾಗ ನೋಡ್ಬಾರದು."

ಸೀನ ಗೊಣಗಿಕೊಂಡೇ ಮಗನ ಪಕ್ಕ ಗೋಡೆಯ ಕಡೆ ತಿರುಗಿದ. ಅಕ್ಕು ಸೆರಗಿನಿಂದ ಬೆರಳು ಒರೆಸಿಕೊಂಡು ಒಂದು ಅಕ್ಷರ ಒತ್ತಿದಳು, ಇನ್ನೊಂದು ಒತ್ತಿದಳು.

"ಎಂತದೂ ಕಾಣುವುದಿಲ್ಲವಲ್ಲ ಮಾರಾಯ."

"ಕಾಣೋದಿಲ್ಲ ಅತ್ತೆ. ಒಳಗೆ ಹೋಗ್ತಾ ಇದೆ. ನೀವು ಹೊಡೀರಿ."

ಅವಳು ನಿಧಾನವಾಗಿ, ಯಾರಿಗೂ ಹೆದರದೆ, ಮುಗಿಸಿದಳು.

"ಆಯ್ತಾ?" ಎಂದ ಸೀನ. "ಕಾಲು ನೋಯ್ತದೆ."

"ಇನ್ನೊಂದು ಸಲ ಹೊಡೀಲಿಕ್ಕೆ ಹೇಳ್ತದೆ. ತಿರುಗ್ಬೇಡಿ."

ಸೀನ ಒಂದು ಕಾಲಿನ ಭಾರ ಇನ್ನೊಂದರ ಮೇಲೆ ಹಾಕಿ, ಅವಳು ಆಯ್ತು ಎನ್ನುವವರೆಗೆ ಗೋಡೆ ನೋಡುತ್ತಲೇ ನಿಂತ.